ಮೀಸೆ ತಿಕ್ಕಿದವನ ಬಿಲ್ಲು

ಗ್ರಿಮ್ಸ್‌ಬಿಯಲ್ಲಿ ನಮ್ಮ ಕೈಗೆಟುಕಿದ ಬಾಡಿಗೆಯೆಂದರೆ
ಮೀನನ್ನು ಹೊಗೆಗಿಡುತ್ತಿದ್ದ ಹಳೆಯ ಕಟ್ಟಡ.
ಇಟ್ಟಿಗೆ ಇಟ್ಟಿಗೆಯೊಳಗೂ ನೂರು ವರ್ಷದ ಹ್ಯಾಡಕ್.
ಸೋಡಾ ಹಾಕಿ ತಿಕ್ಕಿದೆವು, ಮೂರು ಸಲ ಸುಣ್ಣ ಬಳಿದೆವು,
ಆದರೂ ಮೊದಲ ಹಂಡೆಯ ಜೋಳದ ಅಂಬಲಿ
ಕಡಲಿಗೆ ಹೋಗಿ ಬಂದಂತೆ ನಾರಿತು.

ಟ್ರೇಸಿ ಮೂಗು ಹಿಡಿದು ನಕ್ಕಳು.
ಮೀನು ಸೀಳುವ ಸಾಲಿನಲ್ಲಿ ಆರು ವರ್ಷ
ನನ್ನ ಎಡಕ್ಕೆ ನಿಂತವಳು;
ಅವಳ ಚಾಕು ನಿಂತರೆ ನನ್ನದೂ ನಿಲ್ಲುತ್ತಿತ್ತು.
ಪಾಲುದಾರರನ್ನು ಹುಡುಕುವುದು ಹೇಗೆಂದು ಈಗ ಕೇಳುತ್ತಾರೆ.
ನಾವು ಹುಡುಕಲಿಲ್ಲ. ಫ್ಯಾಕ್ಟರಿ ಮುಚ್ಚಿತು,
ಇಬ್ಬರಿಗೂ ಒಂದೇ ದಿನ ಒಂದೇ ಬಣ್ಣದ ಲಕೋಟೆ.

ಮೊದಲ ಗಿರಾಕಿ ಅವಳಪ್ಪ, ರಾನ್.
ಟ್ರಾಲರಿನಲ್ಲಿ ಮುದುಕನಾದವನು, ಸಕ್ಕರೆ ಕಾಯಿಲೆಗೆ
ಎಡಗಾಲಿನ ಎರಡು ಬೆರಳು ಕೊಟ್ಟವನು.
ಒಂದು ಗುಟುಕು. "ಒದ್ದೆ ಪೇಪರು ಜಗಿದ ಹಾಗಿದೆ."
ಸೋತ ಮುಖ ಹೊತ್ತು ಒಳಗೆ ಹೋದೆ.
ಬಂದು ನೋಡಿದರೆ ಲೋಟ ಖಾಲಿ,
ತಳದಲ್ಲಿ ಜೀರಿಗೆಯ ನಾಲ್ಕು ಕಾಳು.
ಅಂದಿನಿಂದ ಗಿರಾಕಿಯ ಮಾತು ಕೇಳುತ್ತೇನೆ,
ನೋಡುವುದು ಲೋಟವನ್ನು.

ಶನಿವಾರದ ಸಂತೆಯಲ್ಲಿ ಹನ್ನೊಂದು ಬಾಟಲಿ. ಮರುವಾರ ಒಂಬತ್ತು.
ಗಾಳಿಗೆ ಡೇರೆ ಹಾರಿ ಚೀಸಿನವನ ಮೇಲೆ ಬಿದ್ದ ವಾರ ಎರಡು,
ಎರಡನ್ನೂ ಚೀಸಿನವನೇ ಕೊಂಡ.
ಸ್ವಲ್ಪ ಸಕ್ಕರೆ ಹಾಕಿ ಎಂದವರೆಷ್ಟೋ.
ಒಂದು ರಾತ್ರಿ ಹಾಕಿಯೂ ಬಿಟ್ಟೆ, ಸುಳ್ಳೇಕೆ,
ಟ್ರೇಸಿಗೆ ತಿಳಿಯದಂತೆ, ಐದು ಲೀಟರಿಗೆ ಒಂದು ಹಿಡಿ.
ಗುಟ್ಟು ಸಕ್ಕರೆಯ ಹೊಟ್ಟೆಯಲ್ಲಿ ನಿಲ್ಲಲಿಲ್ಲ.
ಮುಂಜಾವ ಮೂರಕ್ಕೆ ಢಂ, ಮತ್ತೆ ಢಂ,
ಮೂವತ್ತೆಂಟು ಗಾಜಿನ ಬಾಟಲಿ.
ಪಕ್ಕದ ಗ್ಯಾರೇಜಿನವನು ಪೊಲೀಸರನ್ನು ಕರೆದ.
ಟಾರ್ಚು ಹಿಡಿದ ಪೇದೆ
ಬೂಟಿನಿಂದಿಳಿವ ಅಂಬಲಿ ನೋಡುತ್ತ ಕೇಳಿದ:
"ಇದು ಆರೋಗ್ಯಕ್ಕೆ ಒಳ್ಳೆಯದೋ?"

ಆಮೇಲೆ ಲೀಡ್ಸಿನಿಂದ ಬ್ರ್ಯಾಂಡಿನ ಪಂಡಿತ ಬಂದ.
ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ
ಎಂದು ಅಜ್ಜಿ ಹೇಳಿ ನಗುತ್ತಿದ್ದ ಗಾದೆ
ಕಾಲರಿಗೆ ಇಸ್ತ್ರಿ ಹಾಕಿಕೊಂಡು ಎದುರು ಕುಳಿತಿತ್ತು.
ಹೆಸರು ಬದಲಿಸಿ ಎಂದ. ಪ್ರಾಚೀನ ಧಾನ್ಯ ಎಂದ.
ಲೇಬಲ್ಲಿಗೆ ಒಂದು ಕಮಲ, ಒಂದು ಆನೆ.
ನಮ್ಮ ಮನೆಯಲ್ಲಿ ಆನೆ ಕುಡಿದದ್ದಿಲ್ಲ, ಎಂದೆ.
ಬಿಲ್ಲು: ಸಾವಿರದ ಎಂಟುನೂರು ಪೌಂಡು.
ಆ ತಿಂಗಳು ನಾವಿಬ್ಬರೂ ನಿಜವಾಗಿ
ಅಂಬಲಿ ಕುಡಿದೇ ಬದುಕಿದೆವು.

ಸೂಪರ್‌ಮಾರ್ಕೆಟ್ಟಿನಾಕೆ ನಾಲ್ಕು ಸಾವಿರ ಕೇಳಿದಾಗ
ಮೊದಲು ಸಹಿ ಹಾಕಿದೆವು, ಆಮೇಲೆ ಓದಿದೆವು.
ದುಡ್ಡು ತೊಂಬತ್ತು ದಿನಕ್ಕೆ. ಆರು ತಿಂಗಳು ಕೆಡಬಾರದು.
ಕೆಡಬಾರದೆಂದರೆ ಕುದಿಸಬೇಕು,
ಕುದಿಸಿದರೆ ಹುಳಿ ಬರಿಸುವ ಜೀವ ಸಾಯುತ್ತದೆ.
ಕುದಿಸಿದೆವು.
ಕೆಡಲಿಲ್ಲ. ಯಾರೂ ಕೊಳ್ಳಲೂ ಇಲ್ಲ.
ಎರಡು ಸಾವಿರದ ಆರುನೂರು ವಾಪಸ್ಸಾದ ಮಧ್ಯಾಹ್ನ
ಒಂದೊಂದೇ ಮುಚ್ಚಳ ತಿರುವಿ ಮೋರಿಗೆ ಸುರಿದೆವು.
ಕಡಲಹಕ್ಕಿಗಳು ಇಳಿದವು, ಕೊಕ್ಕು ಅದ್ದಿದವು, ಹೋದವು.
ಟ್ರೇಸಿ ಅತ್ತಳು. ನಾನು ಬಾಟಲಿ ತೊಳೆದೆ;
ಗಾಜಿಗಾದರೂ ಬೆಲೆಯಿತ್ತು.

ಈಗ ವಾರಕ್ಕೆ ಆರುನೂರು.
ಹಡಗುಕಟ್ಟೆಯ ಗೇಟು, ಎರಡು ಶಾಲೆ, ಆಸ್ಪತ್ರೆಯ ಕ್ಯಾಂಟೀನು.
ಐದು ದಿನಕ್ಕೆ ಕೆಡುತ್ತದೆ, ಲೇಬಲ್ಲಿನ ಮೇಲೆ
ಅದನ್ನೇ ದಪ್ಪಕ್ಷರದಲ್ಲಿ ಬರೆಸಿದ್ದೇವೆ.
ಮೀನಿನ ವಾಸನೆ ಹೋಗಿದೆ,
ಇಲ್ಲವೇ ನಮ್ಮ ಮೂಗು ಹೋಗಿದೆ.

ಮೊನ್ನೆ ಕ್ಲೀಥಾರ್ಪ್ಸಿನಿಂದ ಒಬ್ಬ ಹುಡುಗಿ,
ಬೀಟ್‌ರೂಟಿನ ಪಾನೀಯ ಮಾಡುತ್ತಾಳಂತೆ,
ನೋಟುಬುಕ್ಕು ಬಿಚ್ಚಿ ಮುಖ್ಯ ಪಾಠ ಯಾವುದು ಎಂದಳು.
ಕೈಯಲ್ಲಿ ಮೂರು ತಿಂಗಳ ಬಾಡಿಗೆ, ಎಂದಳು ಟ್ರೇಸಿ.
ಅಲ್ಲ, ಲೋಟ, ಎಂದೆ. ಜಗಳಕ್ಕೇ ಬಿದ್ದೆವು.
ಅವಳು ಏನು ಬರೆದುಕೊಂಡಳೋ.
ಕತ್ತಲಾಗುತ್ತಿತ್ತು. ಏಪ್ರನ್ ಕೊಟ್ಟು
ನಾಳೆಯ ಬಾಟಲಿಗಳ ಮುಂದೆ ನಿಲ್ಲಿಸಿದೆ:
ಮುಚ್ಚಳ ಪೂರಾ ಬಿಗಿಯಬೇಡ, ಕಾಲು ಸುತ್ತು ಸಡಿಲಿರಲಿ,
ಒಳಗೆ ಉಸಿರಾಡುತ್ತಿದೆ, ಕಿವಿಯಿಡು.

ಬಗ್ಗಿದಳು. ಏನೂ ಕೇಳಿಸುತ್ತಿಲ್ಲ, ಎಂದಳು.
ಇನ್ನೂ ಅರ್ಧ ಗಂಟೆ ಬೇಕು, ಎಂದಳು ಟ್ರೇಸಿ.
ಗ್ಯಾರೇಜಿನವನ ನಾಯಿ ಆಗಲೇ ಬೊಗಳತೊಡಗಿತ್ತು.